ಹತ್ತು ಮೀಟರಿನ ಸದ್ದು

ಸವಾರ್‌ಲೈನ್ ರಸ್ತೆಯ ಹಿಂದಿನ ವಠಾರದಲ್ಲಿ
ಬಚ್ಚಲ ಬಾಗಿಲಿಂದ ಸೈಕಲ್ ನಿಲ್ಲಿಸುವ ಗೋಡೆಯವರೆಗೆ
ಹೊಲಿಗೆಯ ಟೇಪು ಹಿಡಿದು ಅಳೆದೆ:
ಹತ್ತು ಮೀಟರಿಗೆ ಒಂದು ಗೇಣು ಹೆಚ್ಚು.
‘ಸಾಕು ಅಬ್ಬಾ,’ ಅಂದಳು ಅರ್ಷಿಯಾ,
‘ಆ ಗೇಣು ನಾನು ಮುಂದೆ ನಿಲ್ತೀನಿ.’

ಬಂದೂಕು ಸೆಕೆಂಡ್ ಹ್ಯಾಂಡು. ಗಾಳಿಯದ್ದೇ, ಆದರೂ
ಬಾಯಿ ದೊಡ್ಡದು.
ಮೂರನೇ ದಿನಕ್ಕೆ ಮಹಡಿಯಿಂದ ಹಾಲಮ್ಮ ಇಳಿದು ಬಂದರು,
ಮೆಗ್ಗಾನ್‌ನಲ್ಲಿ ರಾತ್ರಿ ಪಾಳಿ, ಕಣ್ಣು ಕೆಂಡ.
ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಹೇಳಿದರು:
‘ಒಂದೊಂದು ಏಟಿಗೂ ವಾರ್ಡಿನಲ್ಲಿ ಟ್ರೇ ಬಿದ್ದ ಹಾಗಾಗಿ
ಯಾವ ಬೆಡ್ಡು ಅಂತ ಎದ್ದು ಓಡ್ತೀನಿ ಸಾಬ್ರೇ,
ನನ್ನ ಮನೇಲಿ ಬೆಡ್ಡು ಇರೋದೇ ಒಂದು.’

ಮೂವತ್ತು ವರ್ಷ ಹೊಲಿಗೆ ಯಂತ್ರಗಳ ಗೊರಕೆ ಕೇಳಿದವನು ನಾನು.
ಸದ್ದು ಒಂಟಿಯಾಗಿ ಬರುವುದಿಲ್ಲ,
ಒಂದರ ಬೆನ್ನಿಗೊಂದು ಕೂತು ಬರುತ್ತವೆ.
ಕಣ್ಣು ಮುಚ್ಚಿ ‘ಹೊಡಿ’ ಅಂದೆ.
ಮೊದಲು ಟುಂಯ್, ಒಣ ಸ್ಪ್ರಿಂಗು ಕೊಳವೆಗೆ ಮೈ ತಿಕ್ಕುವುದು.
ಆಮೇಲೆ ಫಟ್, ನಳಿಗೆಯ ತುದಿಯಲ್ಲಿ ಗಾಳಿ.
ಕೊನೆಗೆ ಠಣಾರ್, ಸೀಸದ ಕಾಳು ತಗಡಿಗೆ.
ಹಾಲಮ್ಮನ ನಿದ್ದೆ ಕೆಡಿಸಿದ್ದು ಇದೇ.
ಬಂದೂಕಿನದಲ್ಲ, ಬಿಸ್ಕೆಟ್ ಡಬ್ಬದ ತಪ್ಪು.

ತುಂಗೆಯ ದಡದ ಜೇಡಿ ತಂದೆವು.
ಎಣ್ಣೆ ಬೆರೆಸಿ ನಾದಿ, ಮರದ ಪೆಟ್ಟಿಗೆಗೆ ಮೆತ್ತಿ,
ಹಿಂದೆ ಕೋಟಿನ ಕ್ಯಾನ್ವಾಸು, ಹಳೆ ರಜಾಯಿಯ ಹತ್ತಿ.
ರೊಟ್ಟಿ ಹಿಟ್ಟಿಗೆ ಬೆರಳಿಟ್ಟಂತೆ ಸೀಸ ಇಳಿಯಿತು.
ಸ್ಪ್ರಿಂಗು ಬಿಚ್ಚಿ ಒರೆಸಿ ಗಟ್ಟಿ ಗ್ರೀಸು ಸವರಿದೆ,
ಕಣ್ಣಿಗೆ ಸುರುಮಾ ಹಚ್ಚುವಷ್ಟು, ಅಷ್ಟೇ;
ಹೆಚ್ಚಾದರೆ ಹೊಗೆ ಉಗುಳುತ್ತದೆ.
ಗಾಳಿಯ ಫಟ್ ಉಳಿಯಿತು.
ಉಳಿಯಲಿ. ಬಂದೂಕು ಅಂದಮೇಲೆ ಅಷ್ಟಾದರೂ ಬೇಡವೇ.

ಆ ವಾರ ಹಾಲಮ್ಮ ನಾಲ್ಕು ಗಂಟೆಯವರೆಗೆ ಮಲಗಿದರು.
ಅರ್ಷಿಯಾಳ ಅಂಕ ಮಾತ್ರ ಇಳಿಯಿತು.
ಎಂಟು, ಏಳು, ಮತ್ತೆ ಏಳು.
‘ಠಣ್ ಅಂದಾಗ ಮುಗೀತು ಅಂತ ಗೊತ್ತಾಗ್ತಿತ್ತು.
ಈಗ ಎಲ್ಲಿ ಮುಗಿಯತ್ತೆ ಗೊತ್ತಾಗಲ್ಲ ಅಬ್ಬಾ.
ಎದೆ ಬಡಿಯೋದು ಕೇಳತ್ತೆ,
ಗುರಿಯ ಮುಳ್ಳು ಅದರ ಜೊತೆ ಕುಣಿಯತ್ತೆ.’

ಗ್ರೀಸಿನ ಡಬ್ಬಿ ನೋಡಿದೆ.
ಆ ಸದ್ದಿಗೆ ಹಚ್ಚುವಂಥದ್ದು ಅದರಲ್ಲಿ ಇರಲಿಲ್ಲ.
‘ಎರಡು ಬಡಿತದ ನಡುವೆ
ಒಂದು ಹೊಲಿಗೆ ಹಾಕುವಷ್ಟು ಜಾಗ ಇರತ್ತೆ, ಹುಡುಕು,’
ಅಂದೆ. ಅಂದಾಜಿಗೆ ಅಂದೆ, ನನಗೇನು ಗೊತ್ತು.

ನಿನ್ನೆ ಸಂಜೆ ಏಳೂವರೆ. ಲೈಟು ಹಾಕಿ ನಿಂತಿದ್ದಳು,
ಕೆನ್ನೆ ಮರಕ್ಕೆ, ಉಸಿರು ಅರ್ಧ.
ಅವಳ ಬೆನ್ನ ಹಿಂದೆ ಮಹಡಿಯ ಬಾಗಿಲು ತೆರೆಯಿತು.
ಡ್ಯೂಟಿಯ ಹೊತ್ತು.
ಹಾಲಮ್ಮ ಹುಡುಗಿಯನ್ನು ನೋಡಿ ಅಲ್ಲೇ ನಿಂತರು,
ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು
ಒಂದೊಂದೇ ಮೆಟ್ಟಿಲು, ಬರಿಗಾಲಲ್ಲಿ
ಇಳಿಯತೊಡಗಿದರು.