ಬಾನೆಟ್ ಬೆಚ್ಚಗಿತ್ತು

ನಾ ಬರೂ ತನಕ ಚಾವಿ ಹಚ್ಚಬ್ಯಾಡ್ರಿ ಅಂದಿದ್ದೆ.
ಉದ್ಯಮಬಾಗದಾಗ, ಫೌಂಡ್ರಿ ಗ್ವಾಡಿ ಹಿಂದ,
ಏಳರ ಶಿಫ್ಟಿನ ಭೋಂಗಾ ಆಗೂ ಹೊತ್ತಿಗೆ
ಬಾನೆಟ್ ಮ್ಯಾಲೆ ಎಡಗೈ ಇಟ್ಟೆ:
ಕೋಳಿ ಈಗಷ್ಟ ಎದ್ದು ಹೋದ ಬುಟ್ಟಿಯಂಗ
ಬೆಚ್ಚಗಿತ್ತು.

"ನೆರಳಿಗೆ ಸರಿಸಿದ್ನಿರಿ, ಅಷ್ಟ" ಅಂದ ಪಾಟಣೇಕರ, ಮಾರಾಂವ.
ಮುಂಜಾನೆ ಏಳಕ್ಕ ಯಾವ ಬಿಸಲು, ಕೇಳಲಿಲ್ಲ.
ಆರಲಿ, ಚಾ ಹೇಳ್ರಿ, ಅಂದೆ.
ತಣ್ಣನ ಎಂಜಿನ್ನಿಗೆ ಸುಳ್ಳಾಡಾಕ ಬರಂಗಿಲ್ಲ;
ಬಿಸಿ ಏರಿದ ಮ್ಯಾಲೆ ಮಂದಿಯಂಗ ಅದೂ ಕಲೀತೈತಿ.

ಕೊಳ್ಳಾಕ ಬಂದಾಕಿ ತಬಸ್ಸುಮ ಸನದಿ.
ಎದುರಿನ ಕಾರಖಾನ್ಯಾಗ ಸಿಎನ್‌ಸಿ ಮಶೀನಿನ ಮುಂದ
ಒಂಬತ್ತು ವರ್ಷ ನಿಂತು ಕೂಡಿಸಿದ ರೊಕ್ಕ.
"ಇಷ್ಟು ಜೋರಿನ ಗಾಡಿ ಯಾಕ ತಂಗಿ?" ಅಂದ್ರ
"ದಿನಾ ಎಂಟ ತಾಸ ನಿಂತಿರ್ತೀನಲ್ಲ" ಅಂದ್ಲು.
ಮತ್ತ ಕೇಳಲಿಲ್ಲ ನಾ.

ಹತ್ತಕ್ಕ ಚಾಲೂ ಮಾಡಿದ್ವಿ.
ಸೈಲೆನ್ಸರಿನಿಂದ ಒಂದ ಎಳಿ ನೀಲಿ ಹೊಗಿ,
ಮಾಸ್ತರನ್ನ ಕಂಡು ಬೀಡಿ ಮುಚ್ಚಿಟ್ಟ ಹುಡುಗನಂಗ
ತಟ್ನ ಮಾಯ.
ಬಂದ್ ಮಾಡಿ ಒಳಗ ಕೈ ಹಾಕಿದೆ.
ಬಸವನಹುಳದಂಗ ಸುರುಳಿ ಸುತ್ತಿ ಕುಂತಿತ್ತು ಟರ್ಬೊ,
ತಾ ಬಿಟ್ಟ ಹೊಗಿಲೆನ ತಿರುಗಿ
ತನಗ ಉಸಿರು ತುಂಬಿಕೊಳ್ಳೂ ಜೀವ.
ಗಾಳಿ ಪೈಪು ಕಳಚಿ, ಶಾಫ್ಟಿನ ಮೂಗು ಹಿಡದು ಅಲುಗಿಸಿದೆ.
ಅಡ್ಡಕ್ಕ ಕೂದಲೆಳಿ ಆಡ್ತು. ಆಡಲಿ,
ಎಣ್ಣಿಗೂ ನಿಲ್ಲಾಕ ಜಾಗಾ ಬೇಕು.
ಹಿಂದ-ಮುಂದ ಆಡಬಾರದು. ಆಡಲಿಲ್ಲ.
"ಎಷ್ಟ ಮೈಕ್ರಾನ್?" ಅಂದ್ಲು.
ನನ್ನ ಬೆರಳಿಗೆ ಅಂಕಿ ಬರಂಗಿಲ್ಲ,
ಹೌದು, ಅಲ್ಲ, ಅಷ್ಟ ಗೊತ್ತು.

ಆಗ ಕಂಡ್ವು ಕ್ಲಿಪ್ಪು.
ನಾಕೂ ಕ್ಲಿಪ್ಪಿನ ಸ್ಕ್ರೂ ಎಡಕ್ಕ ಮಾರಿ ಮಾಡಿ ಕುಂತಿದ್ವು.
ಬಲಗೈಯವರು ಯಾರೂ ಹಂಗ ಬಿಗಿಯಂಗಿಲ್ಲ.
ಅಂದ ಗಾಡಿ ಬಿಳೇದು, ಗೋವಾದ ನಂಬರು.
ಇಂದ ನೀಲಿ, ಕೆಎ ಇಪ್ಪತ್ತೆರಡು.
ಬಣ್ಣ ಬದಲಿ, ಮಾಲಕ ಬದಲಿ,
ನನ್ನ ಕೈ ಮಾತ್ರ ಬಿಟ್ಟಲ್ಲೆ ಇತ್ತು.

ಪಾಟಣೇಕರ ಫೈಲು ತಗದ, ಖುಷೀಲೆ:
"ನೋಡ್ರಿ, ಟರ್ಬೊಕ್ಕ ಎಣ್ಣಿ ಹೋಗೂ ಪೈಪು ಹೊಸಾದು,
ಬಿಲ್ಲ ಐತಿ."
ಎಡಕ್ಕ ವಾಲಿದ ಅಕ್ಷರ. ಆರು ವರ್ಷದ ಹಿಂದಿನ ತಾರೀಖು.
ನನ್ನ ಸಹಿ.

ಅಂವಾ ಚೋರ್ಲಾ ಘಾಟ್ ಇಳಿಯೂ ಅವಸರದಾಗಿದ್ದ.
ಪೈಪು ಪುಣೆಯಿಂದ ಬರಬೇಕು, ನಾಕ ದಿನ, ಅಂದಿದ್ದೆ.
"ಇವತ್ತ" ಅಂದ.
ಹಳೇದನ್ನ ಡೀಸೆಲ್ಲಿನ್ಯಾಗ ನೆನಿಸಿ,
ಸೈಕಲ್ ಬ್ರೇಕಿನ ತಂತಿಲೆ ತಿವಿದು
ತಿರುಗಿ ಹಚ್ಚಿದ್ದೆ. ಹೊಸಾದು ಅಂತ ಬರದಿದ್ದೆ.
ಹೊಸಾದರ ರೊಕ್ಕ ಎಣಿಸಿಕೊಂಡಿದ್ದೆ.
ಆ ರೊಕ್ಕಲೆ ಏನ ಕೊಂಡೆ, ನೆನಪ ಹಾರೈತಿ.

ಈಗ ಬೆಚ್ಚಗಾದದ್ದು ನನ್ನ ಕಿವಿ.

ಹೇಳಿದೆ. ಇಬ್ಬರಿಗೂ.
ಪಾಟಣೇಕರ ನಕ್ಕ, ಸಾಲ ತೀರಿದವರಂಗ.
ಆಕಿ ನಗಲಿಲ್ಲ. "ಬಿಚ್ಚ್ರಿ" ಅಂದ್ಲು.

ಒಳಗ ಎಣ್ಣಿ ಸುಟ್ಟು, ಹಂಚಿನ ತಳದಂಗ ಕರಕಾಗಿ,
ಸೂಜಿ ಹೋಗೂವಷ್ಟ ದಾರಿ ಉಳದಿತ್ತು.
ನಿಮಿಷಕ್ಕ ಲಕ್ಷ ಸುತ್ತು ತಿರುಗೂ ಶಾಫ್ಟು
ಅಷ್ಟರಾಗ ಆರು ವರ್ಷ
ಗಂಟಲ ತೋಯಿಸಿಕೊಂಡಿತ್ತು.

ಹೊಸಾ ಪೈಪು ಐದ ದಿನಕ್ಕ ಬಂತು.
ಹಚ್ಚಿ ಕೊಟ್ಟು ಹೇಳಿದೆ:
ಜೋರ ಓಡಿಸಿ ಬಂದಿ ಅಂದ್ರ ಒಮ್ಮೆಲೆ ಬಂದ್ ಮಾಡಬ್ಯಾಡ.
ಓಡಿ ಬಂದವ ದಮ್ಮ ಹಾಕಿಕೊಳ್ಳೂವಷ್ಟ ಹೊತ್ತು
ನಿಂತಲ್ಲೆ ಗುರುಗುಟ್ಟಲಿ.
ಇಲ್ಲಾಂದ್ರ ನಿಂತ ಎಣ್ಣಿ ಒಳಗ ಸುಡತೈತಿ.
ತಲಿ ಆಡಿಸಿದ್ಲು. ಬಿಲ್ಲು ಕೇಳಿದ್ಲು.
ಬರದೆ: ಪೈಪು ಒಂದು, ಹೊಸಾದು. ರೊಕ್ಕ ಇಲ್ಲ.

ಮಡಚಿ ಕಿಸೆದಾಗ ಇಟ್ಟುಕೊಳ್ಳೂ ಮೊದಲ
ಮೊಬೈಲಿನ ಬ್ಯಾಟರಿ ಹಚ್ಚಿ, ಬಗ್ಗಿ,
ಒಳಗ ನೋಡಿದ್ಲು.