ಚಿಮಟಿಗಿ

ಸಂಕ್ರಮಣಕ್ಕ ಇನ್ನೂ ಮೂರು ವಾರ.
ಹೊರಗ ಬಿತ್ತಿದರ ಈ ಚಳಿಗೆ ಬೀಜ ಕಣ್ಣು ತೆರಿಯಾಂಗಿಲ್ಲ,
ತೆರದರೂ ಎದುರುಮನಿ ಕೋಳಿ ಬಿಡಾಂಗಿಲ್ಲ.
ಅದಕ್ಕ ಒಳಗ.

ಮಾಲತೇಶ ಚಹಾದಂಗಡಿಯಿಂದ ತಂದ ಕಾಗದದ ಕಪ್ಪು,
ಹನ್ನೆರಡು,
ತಳಕ್ಕ ಸೂಜಿಲೆ ಮೂರು ಮೂರು ತೂತು.
ಕೆರಿಮಣ್ಣು, ಮರಳು, ಜರಡಿ ಹಿಡಿದ ಸಗಣಿಗೊಬ್ಬರ.
ಅದು ಹಿಟ್ಟಿನ ಜರಡಿ ಅಂತ ಅತ್ತಿಗೆ ಗೊತ್ತಿಲ್ಲ.

ಬೀಜ ಗುಡಗೂರಿನ ನಮ್ಮಕ್ಕ ಕೊಟ್ಟದ್ದು:
ಜವಾರಿ ಬದನಿ, ಬೂದಿಯೊಳಗ ಕಲಿಸಿ
ಹಳೇ ಕುಬಸದ ತುಂಡಿನ್ಯಾಗ ಕಟ್ಟಿದ ಗಂಟು.
ಎಷ್ಟದಾವ ಅಂತ ಆಕಿ ಎಣಿಸಿರಲಿಲ್ಲ.
ನನಗ ಎಣಿಸೂದು ಚಟ ಆಗೇತಿ.
ನಲವತ್ತೊಂದು.
ಕಪ್ಪಿಗೆ ಮೂರು; ಉಳಿದ ಐದು ತಿರುಗಿ ಗಂಟಿಗೆ.

ಮೇಡ್ಲೇರಿ ರಸ್ತೆದಾಗ, ನೆಟ್ಟಿನ ಮನಿಯೊಳಗ,
ನನ್ನ ಕೆಲಸ ಕ್ರಾಸಿಂಗು.
ಮಧ್ಯಾಹ್ನ ಟೊಮೆಟೊ ಮೊಗ್ಗು ಬಿಡಿಸಿ
ಚಿಮಟಿಗಿಲೆ ಗಂಡು ಕಿತ್ತು ಹಾಕೂದು,
ಮರುದಿನ ಮುಂಜಾನೆ ಬೆರಳುಂಗುರದಾಗಿನ ಹಳದಿ ಹುಡಿ
ಅದರ ನಾಲಿಗಿಗೆ ಮುಟ್ಟಿಸೂದು,
ಗುರುತಿಗೆ ಹೂವಿನ ಬುಡದ ಹಸರೆಸಳು ಎರಡು ಕತ್ತರಿಸೂದು.
ದಿನಕ್ಕ ಸಾವಿರ ಲಗ್ನ.
ಸಂಜೀಕ ಕಣ್ಣು ಮುಚ್ಚಿದರೂ ಹಳದಿ.
ಆ ಬೀಜ ಗ್ರಾಮಿನ ಲೆಕ್ಕದಾಗ ತೂಕ ಆಗಿ
ಲಕೋಟಿ ಸೇರಿ ರಾಣೇಬೆನ್ನೂರು ದಾಟತೈತಿ.
ಮನಿಗೆ ಹೊರಡೂಮುಂದ ಸೆರಗು ಝಾಡಿಸಿ ತೋರಿಸಬೇಕು.
ಹನ್ನೊಂದು ವರ್ಷ ಆತು.
ಅದರಾಗಿನ ಒಂದು ಬೀಜ ಮೊಳೆತದ್ದನ್ನ ನಾ ನೋಡಿಲ್ಲ.

ಬೆಚ್ಚಗಿನ ಜಾಗ ನೋಡಿ ಇಡು ಅಂದ್ಲು ಅಕ್ಕ, ಫೋನಿನ್ಯಾಗ.
ಒಲಿ ಹತ್ರ ಬ್ಯಾಡ, ಬೇಯತಾವ.
ನಮ್ಮ ಎರಡು ಖೋಲಿಯೊಳಗ ಹಗಲೂ ರಾತ್ರಿ ಬೆಚ್ಚಗಿರೂದು
ಟಿವಿ ಮಗ್ಗಲದ ಕರೇ ಡಬ್ಬಿ ಒಂದ.
ಅದರ ಮ್ಯಾಲೆ ಪರಾತ, ಪರಾತದಾಗ ಕಪ್ಪು,
ಕಪ್ಪಿನ ಮ್ಯಾಲೆ ಹಸಿ ಅರಿವಿ.
ಅತ್ತಿ ಗುತ್ತೆವ್ವ ಧಾರಾವಾಹಿ ಬಿಟ್ಟು ಇತ್ತ ನೋಡಿದ್ಲು:
“ಏನ ಕಾವಿಗೆ ಕುಂದ್ರಿಸಿಯವ್ವಾ, ಮೊಟ್ಟಿ?”

ಆರು ದಿನ. ಏನಿಲ್ಲ.
ಒಂಬತ್ತು. ಏನಿಲ್ಲ.
ಹತ್ತನೇ ರಾತ್ರಿ ತಡಿಲಾರದ
ಕಡ್ಡಿಲೆ ಒಂದು ಕಪ್ಪು ಕೆದರಿದೆ.
ಇತ್ತು. ಬಿಳೇ ಬಾಲ, ಕತ್ತರಿಸಿದ ಉಗುರಿನಷ್ಟು.
ಕಡ್ಡಿ ತಾಗಿ ಮುರೀತು.
ಮಣ್ಣು ಮುಚ್ಚಿದೆ. ಯಾರಿಗೂ ಹೇಳಲಿಲ್ಲ.
ಎದುರುಮನಿ ಕೋಳಿಗೂ ನನಗೂ ಏನ ಫರಕು?

ಮರುದಿನ ಸಾಲಿಗೆ ಹೊಂಟಿದ್ದ ಚೈತ್ರಾ ಚೀರಿದ್ಲು.
ಗೋಣು ಬಗ್ಗಿಸಿಕೊಂಡು ಎದ್ದಿದ್ವು,
ತಗ್ಗು ಬಾಗಲದಿಂದ ಹೊರಗ ಬರಾಕತ್ತವರಂಗ.
ಸಂಜೀತನಕ ನೆಟ್ಟಗ ನಿಂತ್ವು.

ಒಂದು ಮಾತ್ರ ತಲಿಮ್ಯಾಲಿನ ಸಿಪ್ಪಿ ಬಿಡವಲ್ದು.
ಒಳಗ ಎರಡು ಎಲಿ, ಒಂದಕ್ಕೊಂದು ಒತ್ತಿಕೊಂಡು.
ಎರಡು ದಿನ ಕಾದೆ. ಒಣಗಿ ಬಿಗೀತು.
ಉಗುಳು ಹಚ್ಚಿದೆ, ಮೆತ್ತಗಾಗಲಿ ಅಂತ.
ಆಮ್ಯಾಲೆ ಕೆಲಸದ ಚೀಲದಿಂದ ಚಿಮಟಿಗಿ ತಗದೆ.

ಅದಕ್ಕ ಗೊತ್ತಿದ್ದದ್ದು ಒಂದ: ಹಿಡಿ, ಕೀಳು.
ನನ್ನ ಕೈಗೂ ಅಷ್ಟ.
ಇಲ್ಲೆ ಹಿಡೀಬೇಕು, ಕೀಳಬಾರದು.
ಅತ್ತಿ ಟಿವಿ ದನಿ ಸಣ್ಣ ಮಾಡಿದ್ಲು,
ನಾ ಹೇಳಿರಲಿಲ್ಲ.
ಸಿಪ್ಪಿ ಬಂತು,
ಚಿಮಟಿಗಿ ತುದಿಗೆ, ಸಾಸವಿಗಿಂತ ಹಗರು ಟೊಪಗಿ.
ಎಲಿ ಆಗ ಬಿಚ್ಚಲಿಲ್ಲ.
ಮುಂಜಾನೆ ನಾ ಬಸ್ಸಿಗೆ ಹೊಂಡೂತನಕ ಬಿಚ್ಚಿರಲಿಲ್ಲ.

“ತುದಿಗೆ ಏನಿದು, ಮಣ್ಣು?” ಅಂದ ಹಾಲಸ್ವಾಮಿ,
ಬಾಗಲದಾಗ ಎಲ್ಲಾರ ಚಿಮಟಿಗಿ ನೋಡೂಮುಂದ.
“ಸ್ಪಿರಿಟ್ಟಿನ್ಯಾಗ ಅದ್ದು.”
ಅದ್ದಿದೆ.
ಮೊದಲ ಮೊಗ್ಗಿಗೆ ಕೈ ಹಾಕಿ ಒಂದೀಟು ನಿಂತೆ.
ಮನ್ಯಾಗ ಈಗ ಬಾಗಲಸಂದಿಲೆ ಬಿಸಲು ಬಂದಿರಬೇಕು.
ಕಪ್ಪು ತಿರುವಿ ಇಡು ಅಂತ ಚೈತ್ರಾಗ ಹೇಳೇ ಇಲ್ಲ;
ಎಲ್ಲಾ ಒಂದ ಕಡೆ ವಾಲತಾವ.