ಓ ಎನ್ನುವ ದೂರ

ಫುಜೈರಾದಲ್ಲಿ, ಕೇಬಲ್ಲು ಕಡಲಿಂದ ದಡ ಹತ್ತುವಲ್ಲಿ,
ಕಿಟಕಿಯಿಲ್ಲದ ಒಂದು ಕಟ್ಟಡ.
ಹೊರಗೆ ರಾತ್ರಿ ಒಂದಕ್ಕೂ ಮೂವತ್ತೆಂಟು ಡಿಗ್ರಿ,
ಒಳಗೆ ನಾನು, ಜುಲೈಯಲ್ಲಿ ಸ್ವೆಟರು ತೊಟ್ಟು ಕೂತವಳು.
ಕೆಲಸ ಇಷ್ಟೆ: ಎಲ್ಲಿಂದಲೋ ಯಾರೋ ಕರೆಯುತ್ತಾರೆ,
ಯಾವ ಸರ್ವರು ಓಗೊಡಬೇಕೆಂದು ಹೇಳುವುದು.

ಹೊಸತರಲ್ಲಿ ನಕಾಶೆ ನಂಬಿದ್ದೆ.
ದಿಬ್ಬಾದವನಿಗೆ ಫುಜೈರಾ, ಸೂರ್‌ನವಳಿಗೆ ಮಸ್ಕತ್ತು,
ಸ್ಕೇಲಿಟ್ಟು ಗೆರೆ ಎಳೆದರೆ ಮುಗಿಯಿತು.
ಆದರೆ ಪಕ್ಕದ್ದು ಎಷ್ಟೋ ಸಲ
ಜಗಲಿ ತುಂಬ ಚಪ್ಪಲಿ ಬಿದ್ದ ಮನೆ.
ಒಳಗೆ ಜನ ಇದ್ದಾರೆ, ಕರೆದರೆ ಯಾರಿಗೂ ಕೇಳಿಸುವುದಿಲ್ಲ.
ಸಾವಿರ ಮೈಲಿ ನೀರಿನಾಚೆ ಮುಂಬೈ
ಕೂಗು ಮುಗಿಯುವುದರೊಳಗೆ ಓ ಅಂದಿರುತ್ತದೆ.
ದೂರವೆಂದರೆ ಹೋಗಿ ಬರುವ ಹೊತ್ತು;
ಸಮುದ್ರದಡಿ ಯಾರೂ ಮೈಲಿಗಲ್ಲು ನೆಟ್ಟಿಲ್ಲ.

ಎದುರಿನ ಕೆಫೆಟೇರಿಯದ ಹಮ್ಮಬ್ಬಾಕ, ಉಳ್ಳಾಲದವರು,
ಇದನ್ನು ನನಗಿಂತ ಮೊದಲೇ ಬಲ್ಲರು.
ರಸ್ತೆಯುದ್ದ ಹಾರ್ನು ಹೊಡೆವ ಕಾರುಗಳು, ಓಡುವ ಮೂವರು ಹುಡುಗರು.
ಕಾರಿನ ಪಕ್ಕದಲ್ಲೇ ಇದ್ದವನನ್ನು ಬಿಟ್ಟು
ಆ ತುದಿಯ ಸಿನಾನನನ್ನು ಯಾಕೆ ಕರೆದಿರಿ ಅಂದರೆ
"ಕಾಲು ಹತ್ತಿರ ಇದ್ದು ಏನಾಗಬೇಕು ಬಾಯಮ್ಮ,
ಕೈ ಖಾಲಿ ಇರಬೇಕಲ್ಲ."

ನಾನೂ ಹಾಗೇ ಮಾಡಿದೆ. ಚುರುಕಿನದಕ್ಕೇ ಎಲ್ಲ ಕೊಟ್ಟೆ.
ಮುಂಬೈ ಓ ಅಂದಿತು, ಓ ಅಂದಿತು,
ಒಂದೂ ಇಪ್ಪತ್ತಕ್ಕೆ ಕೆಂಪಾಗಿ
ಸುಮ್ಮನಾಯಿತು.
ಅದೇ ವಾರ ಮಟಮಟ ಮಧ್ಯಾಹ್ನ ಸಿನಾನ್
ಹನ್ನೊಂದು ಗ್ಲಾಸಿನ ಟ್ರೇ ಸಮೇತ ನಡುರಸ್ತೆಯಲ್ಲಿ ಕುಸಿದ.
ಎತ್ತಿಕೊಂಡು ಹೋಗಿ ಡ್ರಿಪ್ಪು ಹಾಕಿಸಿದರು.
ಹಾರ್ನು ನಿಲ್ಲಲಿಲ್ಲ.

ಈಗ ಹೊಸ ನಿಯಮ ಬರೆದಿದ್ದೇನೆ:
ಕಣ್ಣುಮುಚ್ಚಿ ಯಾರಾದರೂ ಇಬ್ಬರನ್ನು ಹೆಕ್ಕು,
ಇಬ್ಬರಲ್ಲಿ ಹೊರೆ ಕಡಿಮೆ ಇದ್ದವನಿಗೆ ಕೊಡು.
ಎಲ್ಲರಿಗಿಂತ ಉತ್ತಮನನ್ನು ಹುಡುಕಬೇಡ.
ಮಿಸ್ರಿ ಬಾಸಿಗೆ ಇದು ಸೋಮಾರಿಯ ಲೆಕ್ಕ ಅನ್ನಿಸಿತು,
ಎರಡು ರಾತ್ರಿಯ ಗ್ರಾಫು ನೋಡಿ ಏನೂ ಹೇಳದೆ ಹೋದ.

ನಾಲ್ಕೂವರೆಗೆ ಪಾಳಿ ಮುಗಿಸಿ ಇಳಿದೆ.
ಬಾಗಿಲು ತೆರೆದದ್ದೇ ಕನ್ನಡಕಕ್ಕೆ ಹಬೆ ಹಿಡಿಯಿತು.
ಒರೆಸಿಕೊಂಡು ನೋಡಿದರೆ ಸಿನಾನ್! ಕೆಲಸಕ್ಕೆ ಮರಳಿದ್ದಾನೆ,
ನನ್ನನ್ನು ಕಂಡೊಡನೆ ಕೈ ಎತ್ತಿದ.
ನಾನು ಚಿತ್ತಗಾಂಗ್‌ನ ಶಫೀಕುಲ್‌ನನ್ನು ಕರೆದೆ.
ಒಂದು ಕರಕ್ ಚಾ ತರಲು ಅವನಿಗೆ ಆರು ನಿಮಿಷ.
ಸಕ್ಕರೆ ಬೇಡ ಅಂದಿದ್ದೆ, ಎರಡು ಚಮಚ ಇತ್ತು.
ನಿಂತೇ ಕುಡಿದೆ.